ಅಡ್ಡಹೆಸರಿಲ್ಲದವನು ಹುಬ್ಬಳ್ಳಿಗೆ ಹೋದದ್ದು

ಶುಕ್ರವಾರ

ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರು ಸಾಮಾನು ಕಡಿಮೆ ಇಟ್ಟುಕೊಳ್ಳಿ. ಇಲ್ಲಿನ ಎಂಟನೇ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ಪ್ರಪಂಚದಲ್ಲೇ ಉದ್ದದ್ದು ಅಂತ 2023ರಲ್ಲಿ ಉದ್ಘಾಟನೆ ಮಾಡಿದರು. ಊರಿನವರಿಗೆ ಅದರ ಬಗ್ಗೆ ಭಾರೀ ಹೆಮ್ಮೆ. ನಮ್ಮ ರೈಲು ನಿಂತದ್ದು ಬೇರೆ ಕಡೆ. ಆದರೆ ಎದುರಿನ ಬರ್ತ್‌ನಲ್ಲಿದ್ದ ಹಿರಿಯರು ಬಿಡಬೇಕಲ್ಲ. "ಇಷ್ಟ ದೂರ ಬಂದೀರಿ, ನೋಡ್ಕೊಂಡ ಹೋಗ್ರಿ" ಎಂದು ಕರೆದುಕೊಂಡೇ ಹೋದರು. ಒಂದು ತುದಿಯಲ್ಲಿ ನಿಂತು ನೋಡಿದೆ. ಇನ್ನೊಂದು ತುದಿ ಕಾಣಲಿಲ್ಲ. ಅರ್ಧ ನಡೆದು, ಚಹಾ ಕುಡಿದು ವಾಪಸಾದೆವು.

ಚಹಾ ಕುಡಿಯುವಾಗ ಅವರು ಕೇಳಿದರು, "ಹೆಸರು ಹೇಳಿದ್ರಿ, ಅಡ್ಡಹೆಸರ ಏನ್ರಿ?"

"ಇಲ್ಲ ಸಾರ್. ನಮ್ಮ ತುಮಕೂರು ಕಡೆ ಇನಿಶಿಯಲ್ ಅಷ್ಟೇ."

"ಅಂದ್ರ? ಮನಿತನಕ್ಕ ಹೆಸರಿಲ್ಲೇನು?"

ಈ ಪ್ರಶ್ನೆ ಊರು ಬಿಡುವವರೆಗೂ ನನ್ನ ಬೆನ್ನು ಬಿಡಲಿಲ್ಲ. ಹೋಟೆಲಿನ ಹುಡುಗ ಕೇಳಿದ, ಆಟೋದವರು ಕೇಳಿದರು, ಸಮ್ಮೇಳನದ ಬ್ಯಾಡ್ಜ್ ಬರೆಯುತ್ತಿದ್ದ ಹುಡುಗಿಯೂ ಕೇಳಿದಳು. ಈ ಕಡೆ ಅಂಗಡಿ, ಬೆಲ್ಲದ, ಹೂಗಾರ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಒಂದೊಂದು ಮನೆತನಕ್ಕೂ ಒಂದೊಂದು ಹೆಸರು. ತಮಾಷೆ ಅಂದರೆ ನಾನು ಬಂದದ್ದೇ ಇಂಥ ಹೆಸರುಗಳ ಕಥೆ ಹೇಳುವುದಕ್ಕೆ. ಸಹಕಾರ ಸಂಘಗಳ ಸದಸ್ಯರ ಲೆಕ್ಕ ಇಡುವ ಒಂದು ಹಳೇ ಸಾಫ್ಟ್‌ವೇರ್ ಇದೆ. ಅದರ ಡೇಟಾಬೇಸನ್ನು, ಅಂದರೆ ಮಾಹಿತಿಯ ಕಣಜವನ್ನು, ನಮ್ಮ ತಂಡ ಒರಾಕಲ್ ಎಂಬ ತಂತ್ರಾಂಶದಿಂದ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದಕ್ಕೆ ಸಾಗಿಸಿತ್ತು. ಆ ಅನುಭವ ಹೇಳಲು ಶನಿವಾರ ಇಲ್ಲಿನ ತಂತ್ರಜ್ಞಾನ ಸಮ್ಮೇಳನಕ್ಕೆ ಕರೆದಿದ್ದರು. ಒಂದು ದಿನ ಮೊದಲೇ ಬಂದದ್ದು ಮಾತ್ರ ಪೇಡ ತಿನ್ನುವುದಕ್ಕೆ, ಸುಳ್ಳು ಯಾಕೆ ಹೇಳಲಿ.

ಧಾರವಾಡಕ್ಕೆ ಹೋಗಲು ಚಿಗರಿ ಬಸ್ಸೇ ಒಳ್ಳೆಯದು. 22 ಕಿಲೋಮೀಟರ್‌ನಲ್ಲಿ ಬಹುಪಾಲು ರಸ್ತೆಯ ನಡುವೆ ಅದಕ್ಕೇ ಬೇರೆ ದಾರಿ. ಟಿಕೆಟ್ ಬಸ್ಸಿನೊಳಗೆ ಸಿಗಲ್ಲ, ನಿಲ್ದಾಣದ ಕೌಂಟರ್‌ನಲ್ಲಿ ಮೊದಲೇ ತಗೊಳ್ಳಬೇಕು. ಎಸಿ ಜಾಸ್ತಿ ಇರುತ್ತದೆ, ನೆನೆದ ಬಟ್ಟೆಯಲ್ಲಿ ಹತ್ತಬೇಡಿ. ಉಣಕಲ್ ಕೆರೆ ದಾಟುವಾಗ ಕಿಟಕಿಯಲ್ಲಿ ಒಣ ಮೋಡ ಇತ್ತು. ನವಲೂರು ದಾಟುವಷ್ಟರಲ್ಲಿ ಗಾಜಿನ ಮೇಲೆ ಹನಿ. ಧಾರವಾಡದಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಅವಳಿ ನಗರ ಅನ್ನುತ್ತಾರೆ, ಆದರೆ ಒಂದು ಬಯಲುಸೀಮೆಗೆ ಮುಖ ಮಾಡಿದೆ, ಇನ್ನೊಂದು ಮಲೆನಾಡಿನ ಅಂಚಿಗೆ. ಜುಲೈನಲ್ಲಿ ಧಾರವಾಡಕ್ಕೆ ಹೋಗುವವರು ಹುಬ್ಬಳ್ಳಿಯ ಆಕಾಶ ನೋಡಿ ಕೊಡೆ ಬಿಟ್ಟು ಹೋಗಬಾರದು.

ಲೈನ್ ಬಜಾರಿನಲ್ಲಿ ಪೇಡಕ್ಕೆ ಸಾಲು. ಮಳೆಯಲ್ಲೂ ಯಾರೂ ಅಲ್ಲಾಡುತ್ತಿರಲಿಲ್ಲ. ಪ್ಲೇಗಿನ ಕಾಲದಲ್ಲಿ ಉತ್ತರದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಶುರು ಮಾಡಿದ ಪೇಡ ಇದು. 2007ರಲ್ಲಿ ಈ ಊರಿನದ್ದೇ ಅನ್ನುವ ಜಿಐ ಟ್ಯಾಗ್ ಸಿಕ್ಕಿತು. ಹಾಲು ಈ ಕಡೆಯ ಗೌಳಿಗರ ಎಮ್ಮೆಗಳದ್ದು. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಬೆಂಗಳೂರಿನ ಬೇಕರಿಯಲ್ಲಿ ಸಿಗುವುದು ಬರೀ ಸಿಹಿ. ಇದರಲ್ಲಿ ಹುರಿದ ಹಾಲಿನ ಸಣ್ಣ ಕಹಿ ನಾಲಿಗೆಯ ಹಿಂದೆ ಉಳಿಯುತ್ತದೆ. ನನ್ನ ಮುಂದೆ ನಿಂತಿದ್ದ ಅಜ್ಜಿ ಪೊಟ್ಟಣ ಅಲ್ಲೇ ಬಿಚ್ಚಿ ಒಂದು ಬಾಯಿಗೆ ಹಾಕಿಕೊಂಡು, "ಇವತ್ತಿಂದು ಛಲೋ ಐತಿ" ಎಂದು ಹಿಂದಿನವರಿಗೆಲ್ಲ ತೀರ್ಪು ಕೊಟ್ಟು ಹೋದರು.

ಆಮೇಲೆ ಸಾಧನಕೇರಿಗೆ ನಡೆದೆ. ಬೇಂದ್ರೆಯವರ ಮನೆ ಇರುವ ಬಡಾವಣೆ. ಕೆರೆ ದಂಡೆಯಲ್ಲಿ ಒಬ್ಬರೂ ಇರಲಿಲ್ಲ. ಕೆಂಪು ಮಣ್ಣಿನ ನೀರು ರಸ್ತೆ ಬದಿ ಹರಿಯುತ್ತಿತ್ತು. ಅಲ್ಲೇ ಒಂದು ಅಂಗಡಿಯ ಸೂರಿನ ಕೆಳಗೆ ನಿಂತು ನಾಳೆಯ ಸ್ಲೈಡುಗಳನ್ನು ಮೊಬೈಲಿನಲ್ಲಿ ಮತ್ತೊಮ್ಮೆ ನೋಡಿಕೊಂಡೆ.

ಶನಿವಾರ

ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜ್ಜಿ. ಭಾಷಣ ಇರುವ ದಿನ ಎರಡು ಮಿರ್ಚಿ ತಿನ್ನಬೇಡಿ, ಗಂಟಲು ಹಿಡಿಯುತ್ತದೆ. ಹಾಗಂತ ಒಂದಕ್ಕೆ ನಿಲ್ಲಿಸುವುದೂ ಆಗಲ್ಲ.

ಸಮ್ಮೇಳನ ಒಂದು ಕಾಲೇಜಿನ ಸಭಾಂಗಣದಲ್ಲಿ. ಅರ್ಧ ವಿದ್ಯಾರ್ಥಿಗಳು, ಅರ್ಧ ಕೆಲಸ ಮಾಡುವವರು. ಹಿಂದಿನ ಸಾಲುಗಳಲ್ಲಿ ಬ್ಯಾಂಕು, ಸೊಸೈಟಿಗಳಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಹಿರಿಯರು. ನನ್ನ ಮುಂಚೆ ಮಾತಾಡಿದವರೆಲ್ಲ ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಕನ್ನಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಮಲ್ಲಿಕಾರ್ಜುನ ಅನ್ನುವ ಹೆಸರು ತುಂಡಾದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ವೇದಿಕೆಯ ಕಂಪ್ಯೂಟರಿನಲ್ಲಿ ಸ್ಲೈಡ್ ತೆರೆದರೆ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡಿದ್ದವು. ಮಲ್‌ಲಿಕಾರ್‌ಜುನ ಅಂತ ಪರದೆ ತುಂಬ. ಫಾಂಟಿನ ಸಮಸ್ಯೆ. ಕನ್ನಡದ ಸ್ಲೈಡ್ ತಗೊಂಡು ಹೋಗುವವರು ಪಿಡಿಎಫ್ ಮಾಡಿಕೊಂಡೇ ಹೋಗಿ ಅಂತ ನಾನೇ ಬೇರೆಯವರಿಗೆ ಹೇಳುತ್ತಿರುತ್ತೇನೆ. ನನ್ನ ಪೆನ್ ಡ್ರೈವಿನಲ್ಲಿ ಪಿಡಿಎಫ್ ಇತ್ತು ಕೂಡ. ಅದನ್ನು ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ದೀಪ ಹತ್ತಿಸಿತು, ಪ್ರೊಜೆಕ್ಟರನ್ನು ಹತ್ತಿಸಲಿಲ್ಲ.

ಮೂಲೆಯಲ್ಲಿ ಬಿಳಿ ಬೋರ್ಡು ಇತ್ತು. ಮಾರ್ಕರ್ ತಗೊಂಡು ಹತ್ತು ಚೌಕ ಬರೆದೆ.

ಹಳೇ ಡೇಟಾಬೇಸಿನಲ್ಲಿ ಹೆಸರಿನ ಕಾಲಂ ವಾರ್‌ಕ್ಯಾರ್2(30), ಅಂದರೆ 30ರ ಮಿತಿ ಇರುವ ಬರಹ. ಆ 30 ಅಂದರೆ ಅಕ್ಷರ ಅಲ್ಲ, ಬೈಟ್, ಕಂಪ್ಯೂಟರ್ ಜಾಗ ಅಳೆಯುವ ಅಳತೆ. ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ಬೈಟನ್ನೇ ಲೆಕ್ಕ ಹಿಡಿಯುತ್ತದೆ. ಇಂಗ್ಲಿಷ್ ಹೆಸರಿಗೆ 30 ಧಾರಾಳ. ಆದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಗುಣಿತದ ಗುರುತಿಗೂ 3, ಅರ್ಧಾಕ್ಷರದ ಗುರುತಿಗೂ 3. ಅಂದರೆ ಒಂದು ಹೆಸರಿಗೆ ಹತ್ತೇ ಚೌಕ. "ಮಲ್ಲಿಕಾರ್ಜುನ ಬರೆಯೋಣ, ನೀವೇ ಎಣಿಸಿ" ಅಂದೆ. ಸಭೆ ಜೋರಾಗಿ ಎಣಿಸಿತು. ಮ, ಲ, ಅರ್ಧಾಕ್ಷರದ ಗುರುತು, ಮತ್ತೊಂದು ಲ, ಗುಡಿಸು, ಕ, ದೀರ್ಘ, ರ, ಮತ್ತೆ ಅರ್ಧಾಕ್ಷರದ ಗುರುತು, ಜ. ಹತ್ತು ಮುಗಿಯಿತು. ಉಕಾರವೂ ನ ಅಕ್ಷರವೂ ಚೌಕದ ಹೊರಗೆ ನಿಂತವು. ಹಳೇ ಪ್ರೋಗ್ರಾಂ 30 ಬೈಟಿಗೆ ಕತ್ತರಿಸಿ ಒಳಗೆ ಹಾಕುತ್ತಿತ್ತು. ಹಾಗಾಗಿ ಜಿಲ್ಲೆಯ ಮಲ್ಲಿಕಾರ್ಜುನರೆಲ್ಲ ವರ್ಷಗಟ್ಟಲೆ "ಮಲ್ಲಿಕಾರ್ಜ" ಆಗಿ ಸಾಲ ತೀರಿಸಿದರು.

ಹಿಂದಿನಿಂದ ಯಾರೋ ಕೂಗಿದರು, "ಅಂದ್ರ ನಮ್ಮ ಮಲ್ಲಿಕಾರ್ಜುನಂದು ಕೊಂಬು ಹೋತು!" ಸಭೆ ನಗುತ್ತಾ ನಗುತ್ತಾ ನನ್ನ ಕಡೆ ಬಂತು. ಪ್ರೊಜೆಕ್ಟರ್ ಬಂದಿದ್ದರೆ ಇದು ಆಗುತ್ತಿರಲಿಲ್ಲ ಅನ್ನಿಸುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಇದೇ 30 ಅಕ್ಷರಗಳ ಲೆಕ್ಕ. ಹೊಸ ಹೆಸರುಗಳಿಗೆ ತೊಂದರೆಯಿಲ್ಲ. ಕತ್ತರಿಸಿ ಹೋದದ್ದನ್ನು ಮಾತ್ರ ಯಾವ ಸಾಧನವೂ ತಂದುಕೊಡಲ್ಲ. ಅದಕ್ಕೆ ಸಂಘದ ಕಾಗದದ ವಹಿ ತೆಗೆಸಿ ನೋಡಬೇಕು.

ಅಡ್ಡಹೆಸರಿನ ಗೋಳು ಇನ್ನೊಂದು. ಮಾಹಿತಿಯೇ ಇಲ್ಲ ಅನ್ನುವುದಕ್ಕೆ ಡೇಟಾಬೇಸಿನಲ್ಲಿ ನಲ್ ಅನ್ನುತ್ತಾರೆ. ಒರಾಕಲ್ ಖಾಲಿ ಬರಹವನ್ನೂ ನಲ್ ಎಂದೇ ನೋಡುತ್ತದೆ. ಹೆಸರಿಗೆ ಅಡ್ಡಹೆಸರು ಜೋಡಿಸುವಾಗ ಒಂದು ನಲ್ ಆಗಿದ್ದರೆ ಅದನ್ನು ಬಿಟ್ಟು ಉಳಿದದ್ದು ಕೊಡುತ್ತದೆ. ಪೋಸ್ಟ್‌ಗ್ರೆಸ್ ಹಾಗಲ್ಲ. ಎರಡು ನಿಂತ ಗೀಟು ಹಾಕಿ ಜೋಡಿಸಿದರೆ, ಒಂದು ತುಂಡು ನಲ್ ಆದರೂ ಇಡೀ ಹೆಸರೇ ನಲ್. ನಲ್ ಇದ್ದ ಕಡೆ ಬೇರೆ ಬೆಲೆ ಕೊಡುವ ಕೋಅಲೆಸ್ ಹಾಕಬೇಕು, ಇಲ್ಲವೇ ನಲ್ ಬಿಟ್ಟು ಜೋಡಿಸುವ ಕಾಂಕ್ಯಾಟ್ ಫಂಕ್ಷನ್ ಬಳಸಬೇಕು. ರಿಹರ್ಸಲ್ ಓಟದಲ್ಲಿ ಅಡ್ಡಹೆಸರು ಇಲ್ಲದವರ ರಸೀದಿಗಳೆಲ್ಲ ಹೆಸರಿಲ್ಲದೆ ಅಚ್ಚಾದವು. "ನಾನು ನಿಮ್ಮ ಸಂಘದ ಸದಸ್ಯ ಆಗಿದ್ದರೆ ಈ ರಾಜ್ಯದಲ್ಲಿ ನಾನು ಇಲ್ಲವೇ ಇಲ್ಲ" ಅಂದೆ. ಬ್ಯಾಡ್ಜ್ ಬರೆದ ಹುಡುಗಿ ಮೊದಲ ಸಾಲಿನಲ್ಲಿ ಕೂತು ಜಾಸ್ತಿಯೇ ನಕ್ಕಳು.

ಇನ್ನೊಂದು ಕಣ್ಣಿಗೆ ಕಾಣದ ತೊಡಕು. ಕೆಲವು ಊರುಗಳ ಮಾಹಿತಿ ಮೊದಲು ನುಡಿ ಅನ್ನುವ ಹಳೇ ಕನ್ನಡ ಫಾಂಟಿನಲ್ಲಿತ್ತು, ಪರಿವರ್ತಕ ಹಾಕಿ ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಮಾಡಿದ್ದರು. "ಕೊ" ಅನ್ನುವುದನ್ನು ಯೂನಿಕೋಡಿನಲ್ಲಿ ಒಕಾರದ ಒಂದೇ ಗುರುತಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರ ಎರಡು ಗುರುತು ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕಿದರೆ ಒಬ್ಬ ಕೊಟ್ರೇಶ ಸಿಗುತ್ತಾನೆ, ಇನ್ನೊಬ್ಬ ಸಿಗಲ್ಲ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ನಾರ್ಮಲೈಜ್ ಫಂಕ್ಷನ್ ಬಂದಿದೆ, ಎಲ್ಲವನ್ನೂ ಒಂದೇ ಗುರುತಿನ ಎನ್‌ಎಫ್‌ಸಿ ರೂಪಕ್ಕೆ ತಂದ ಮೇಲೆ ಸರಿಹೋಯಿತು.

ಕೊನೆಗೆ ಹುಟ್ಟಿದ ದಿನಾಂಕಕ್ಕೆ ಬಂದೆ. ನಮ್ಮ ತಂಡದ ಒಬ್ಬ ಹುಡುಗ ವರದಿ ಕೊಟ್ಟಿದ್ದ: ಡೇಟಾ ಕೊಳಕಾಗಿದೆ, ಎಷ್ಟೊಂದು ಸದಸ್ಯರ ಹುಟ್ಟಿದ ದಿನ ಜೂನ್ 1, ಯಾರೋ ಡೀಫಾಲ್ಟ್ ಹಾಕಿದ್ದಾರೆ, ಅಳಿಸಿ ನಲ್ ಮಾಡೋಣ ಅಂತ. ಇದನ್ನು ಹೇಳಿ, "ಇಲ್ಲಿ ಯಾರ್ಯಾರದು ಜೂನ್ 1?" ಎಂದು ಕೇಳಿದೆ. ಹಿಂದಿನ ಸಾಲುಗಳಲ್ಲಿ ಕೈಗಳು ಎದ್ದವು. ಒಬ್ಬ ಪ್ರಾಧ್ಯಾಪಕರೂ ನಗುತ್ತಾ ಎತ್ತಿದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ನಿಜವಾಗಿ ಹುಟ್ಟಿದ ದಿನ ಅಲ್ಲದಿರಬಹುದು, ಆದರೆ ಮಾರ್ಕ್ಸ್ ಕಾರ್ಡಿನಲ್ಲಿ, ಪಿಂಚಣಿಯಲ್ಲಿ ಎಲ್ಲ ಕಡೆ ಇರುವುದು ಅದೇ. ಅಳಿಸಿದರೆ ಮನುಷ್ಯ ಕೆಡುತ್ತಾನೆ, ಡೇಟಾ ಅಲ್ಲ.

ಪ್ರಶ್ನೋತ್ತರದಲ್ಲಿ ವಿದ್ಯಾರ್ಥಿಗಳು ಡೌನ್‌ಟೈಮ್, ಅಂದರೆ ಕೆಲಸ ನಿಂತಿರುವ ಹೊತ್ತು ಎಷ್ಟು ಅಂತ ಕೇಳಿದರು, ಮುಂದಿನ ನಂಬರು ಕೊಡುವ ಸೀಕ್ವೆನ್ಸ್ ಬಗ್ಗೆ ಕೇಳಿದರು. ಸಾಲುಗಳು ಸಾಗಿದ ಮೇಲೆ ಸೀಕ್ವೆನ್ಸ್ ಎಲ್ಲಿಂದ ಶುರುವಾಗಬೇಕು ಅಂತ ನೀವೇ ಹೇಳಬೇಕು, ಇಲ್ಲದಿದ್ದರೆ ಬೆಳಗ್ಗೆ ಮೊದಲ ರಸೀದಿಯೇ ಹಳೇ ನಂಬರಿಗೆ ಡಿಕ್ಕಿ ಹೊಡೆಯುತ್ತದೆ ಅಂದೆ. ಆಮೇಲೆ ಒಂದು ಸೊಸೈಟಿಯಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದೆ ಎಂದು ಒಬ್ಬ ಹೆಣ್ಣುಮಗಳು ಎದ್ದರು. "ನಮ್ಮ ಊರಾಗ ಬಸಪ್ಪ ಪಾಟೀಲ ಮೂರು ಮಂದಿ ಅದಾರ್ರಿ. ಹೆಸರಿನ ಮುಂದ ಕೆರಿ ದಂಡಿ, ಅಗಸಿ ಓಣಿ ಅಂತ ನಾವ ಬರೀತಿದ್ವಿ. ನಿಮ್ಮ ಸ್ವಚ್ಛ ಮಾಡೋ ಸ್ಕ್ರಿಪ್ಟು ಅದನ್ನ ಏನ ಮಾಡತೈತಿ?"

ಒಳ್ಳೆಯ ಪ್ರಶ್ನೆ. ಅಂಥ ಬಾಲ ಕತ್ತರಿಸುವ ಸ್ಕ್ರಿಪ್ಟು ಎಲ್ಲರ ಹತ್ತಿರವೂ ಇರುತ್ತದೆ. ಕತ್ತರಿಸಿದ ಮೇಲೆ ಮೂರು ಬಸಪ್ಪರು ಒಂದೇ ಆಗುತ್ತಾರೆ, ನಕಲಿ ತೆಗೆಯುವ ಇನ್ನೊಂದು ಸ್ಕ್ರಿಪ್ಟು ಬಂದು ಇಬ್ಬರನ್ನು ಒರೆಸಿಹಾಕುತ್ತದೆ. ನಾವು ಊರೂರಿನ ಗುಮಾಸ್ತರನ್ನು ಕೇಳದೆ ಹೆಸರಿನ ಕಾಲಂ ಮುಟ್ಟಲಿಲ್ಲ ಅಂತ ಹೇಳಿದೆ. ಅವರು ತಲೆಯಾಡಿಸಿ ಕೂತರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಸಂಜೆ ದುರ್ಗದಬೈಲ್. ನಾಲ್ಕು ಹುಡುಗರು ಜೊತೆಗೆ ಬಂದರು. ಗಿರ್ಮಿಟ್ ಕಟ್ಟುವವನ ಕೈ ನೋಡಬೇಕು. ಚುರುಮುರಿಗೆ ಹುಣಸೆ-ಬೆಲ್ಲದ ಮಸಾಲೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಈರುಳ್ಳಿ, ಕೊತ್ತಂಬರಿ, ಸೇವ್ ಸುರಿದು, ಕೇಳುವ ಮೊದಲೇ ಪಕ್ಕಕ್ಕೆ ಒಂದು ಹಸಿ ಮೆಣಸಿನಕಾಯಿ ಇಟ್ಟಿರುತ್ತಾನೆ. ಕಟ್ಟಿದ ತಕ್ಷಣ ತಿನ್ನಬೇಕು. ಫೋಟೋ ತೆಗೆಯುತ್ತಾ ನಿಂತರೆ ಮೆತ್ತಗಾಗುತ್ತದೆ.

ಭಾನುವಾರ

ಬೆಳಗ್ಗೆ ಗದಗಿನ ಬಸ್ಸು ಹಿಡಿದೆ. ಹುಬ್ಬಳ್ಳಿ ದಾಟಿದ ಕೂಡಲೇ ನೆಲದ ಬಣ್ಣ ಬದಲಾಗುತ್ತದೆ. ಕಣ್ಣು ಹಾಯುವಷ್ಟೂ ಎರೆ ಹೊಲ, ಮರ ಅಪರೂಪ. ಕರೀ ನೆಲದ ಮೇಲೆ ಹೆಸರಿನ ಬೆಳೆ ಹಸಿರಾಗಿ ಎದ್ದಿತ್ತು, ನಡುನಡುವೆ ಶೇಂಗಾ, ಹತ್ತಿ. ಆಕಾಶ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ ಈ ದಾರಿಯಲ್ಲಿ ಬರಬೇಕು. ಅಣ್ಣಿಗೇರಿಯಲ್ಲಿ ಬಸ್ಸು ನಿಂತಾಗ ಪಕ್ಕದವರು "ಪಂಪನ ಊರ್ರೀ ಇದು" ಎಂದು ತಮ್ಮ ಮನೆಯವರ ಪರಿಚಯ ಮಾಡಿಸುವ ಧಾಟಿಯಲ್ಲಿ ಹೇಳಿದರು.

ಗದಗಿನಲ್ಲಿ ವೀರನಾರಾಯಣ ಗುಡಿ. ಕುಮಾರವ್ಯಾಸ ಭಾರತ ಬರೆದದ್ದು ಇಲ್ಲಿ ಕೂತು ಎನ್ನುತ್ತಾರೆ, ಅವನು ಒರಗುತ್ತಿದ್ದ ಕಂಬವನ್ನೂ ತೋರಿಸುತ್ತಾರೆ. ಒದ್ದೆ ಬಟ್ಟೆಯಲ್ಲಿ ಬಂದು ಕೂತು, ಅದು ಆರುವವರೆಗೆ ಮಾತ್ರ ಹಾಡುತ್ತಿದ್ದ ಅನ್ನುವುದು ಊರಿನ ಕಥೆ. ಬರೆದ ಪದವನ್ನು ಅಳಿಸಿ ತಿದ್ದಲಿಲ್ಲ ಅಂತ ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳುವ ರೋಲ್‌ಬ್ಯಾಕ್ ಪ್ಲಾನ್ ಇಲ್ಲದೆ ಒಂದು ಟೇಬಲ್ ಮುಟ್ಟದ ನಾನು ಆ ಕಂಬದ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತೆ.

ಅಲ್ಲಿಂದ ಲಕ್ಕುಂಡಿ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಮಾತಿದೆ. ಎಲ್ಲ ನೋಡಲು ಹೋಗಬೇಡಿ, ಎರಡು ಮೂರು ಸಾಕು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಚೌಕಟ್ಟಿನ ಮುಂದೆ ಕೂತರೆ ಹೊತ್ತು ಹೋದದ್ದೇ ತಿಳಿಯಲ್ಲ. ಬಳಪದ ಕಲ್ಲಿನಲ್ಲಿ ಪಟ್ಟಿ ಪಟ್ಟಿಯಾಗಿ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಬೆರಳುದ್ದದ ಮನುಷ್ಯರು. ಬ್ರಹ್ಮ ಜಿನಾಲಯ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಹೆಂಗಸು ಆಕೆ. ಕಾವಲಿನವರಿಗೆ ಅವಳ ಮೇಲೆ ಬಹಳ ಅಭಿಮಾನ. "ರಾಜರು ಗುಡಿ ಕಟ್ಟಿಸ್ತಾರ್ರೀ, ದೊಡ್ಡ ಮಾತಲ್ಲ. ಪುಸ್ತಕ ಬರಸೂದು ಯಾರು ಮಾಡ್ತಾರ?" ಎಂದರು.

ಮುಸುಕಿನ ಬಾವಿಯಿಂದ ವಾಪಸು ಬರುವಾಗ ಹೊಲದ ಬದುವಿನ ಮೇಲೆ ಅಡ್ಡದಾರಿ ಹಿಡಿದೆ. ರಾತ್ರಿ ಸಣ್ಣ ಮಳೆಯಾಗಿತ್ತು. ಎರೆ ಮಣ್ಣು ಒದ್ದೆಯಾದರೆ ಕಾಲು ಬಿಡಲ್ಲ ಅಂತ ಕೇಳಿದ್ದೆ, ಇಷ್ಟು ಅಂತ ಗೊತ್ತಿರಲಿಲ್ಲ. ಹತ್ತು ಹೆಜ್ಜೆಗೆ ಬೂಟಿನ ಕೆಳಗೆ ಇನ್ನೊಂದು ಬೂಟು ಬೆಳೆದಿತ್ತು. ಎಳೆದೆ. ಬಲಗಾಲಿನ ಅಟ್ಟೆ ಮಣ್ಣಲ್ಲೇ ಉಳಿಯಿತು, ಮೇಲಿನ ಭಾಗ ನನ್ನ ಜೊತೆ ಬಂತು. ಬದುವಿನಲ್ಲಿ ಮೇಕೆ ಕಾಯುತ್ತಿದ್ದ ಹುಡುಗ ಅಟ್ಟೆ ಕಿತ್ತು ಕೋಲಿನಿಂದ ಮಣ್ಣು ಕೆರೆದು ಕೊಟ್ಟ. "ಮಳಿಗಾಲದಾಗ ಬೂಟ ಹಾಕ್ಕೊಂಡ ಯಾರ ಬರ್ತಾರ್ರಿ" ಎಂದು ಬುದ್ಧಿಯನ್ನೂ ಹೇಳಿದ. ಗದಗಿಗೆ ಬಂದು ಮೊದಲು ಕೊಂಡದ್ದು ಒಂದು ಜೊತೆ ರಬ್ಬರ್ ಚಪ್ಪಲಿ.

ಆ ಚಪ್ಪಲಿಯಲ್ಲೇ ಖಾನಾವಳಿಗೆ ಹೋದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಹಸಿ ಮೆಂತ್ಯೆ ಸೊಪ್ಪು, ಸೌತೆಕಾಯಿ, ಗಟ್ಟಿ ಮೊಸರು. ರೊಟ್ಟಿ ಬಡಿಯುವ ಸದ್ದು ಒಳಗಿಂದ ಬರುತ್ತಲೇ ಇತ್ತು. ಸಾಕು ಅನ್ನುವುದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವಾಕೆ ಕೈ ಸಂದಿಯಲ್ಲೇ ಇನ್ನೊಂದು ರೊಟ್ಟಿ ಜಾರಿಸಿದಳು. ಅನ್ನಕ್ಕೆ ಜಾಗ ಉಳಿಸಿಕೊಳ್ಳುವ ಆಸೆ ಇದ್ದರೆ ಎರಡನೇ ರೊಟ್ಟಿಗೇ ಗಟ್ಟಿಯಾಗಿ ಬೇಡ ಅನ್ನಬೇಕು.

ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಒಂದು ಸೊಸೈಟಿಯ ನಿವೃತ್ತ ಕಾರ್ಯದರ್ಶಿ. ಬಂದ ಕೆಲಸ ಕೇಳಿದರು. ಹೇಳಿದೆ.

"ಸಹಕಾರ ಸಂಘದ ಲೆಕ್ಕದ ಬಗ್ಗೆ ಭಾಷಣ ಮಾಡಿ, ಗದಗಕ್ಕ ಬಂದು, ಕಣಗಿನಹಾಳ ನೋಡದ ಹೊಂಟೀರಿ?"

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಶುರು ಮಾಡಿದ ಕೃಷಿ ಪತ್ತಿನ ಸಂಘವನ್ನು ಏಷ್ಯಾದಲ್ಲೇ ಮೊದಲನೆಯದು ಎನ್ನುತ್ತಾರೆ. ಅದಕ್ಕೆ ಹಿಂದಿನ ವರ್ಷವಷ್ಟೇ ಸಹಕಾರದ ಕಾಯ್ದೆ ಬಂದಿತ್ತು. ಭಾನುವಾರ ಬಾಗಿಲು ಹಾಕಿರುತ್ತದಲ್ವಾ ಅಂತ ನಾನು ನೆಪ ಹೇಳಿದೆ. "ಊರು ಬಾಗಿಲಾ ಹಾಕಿರತೈತೇನ್ರಿ?" ಅಂದರು.

ಮಾತು ಬಸಪ್ಪ ಪಾಟೀಲರ ಕಡೆ ಹೊರಳಿತು. ಹಿಂದಿನ ದಿನದ ಹೆಣ್ಣುಮಗಳ ಪ್ರಶ್ನೆ ಹೇಳಿದೆ. ಅವರು ನಗಲಿಲ್ಲ. ಕಾಗದದ ವಹಿಯಲ್ಲಿ ಬಲಗಡೆ ಕೊನೆಗೆ ಷರಾ ಅಂತ ಒಂದು ಅಂಕಣ ಇರುತ್ತಿತ್ತು ಎಂದರು. ಇವರು ಕೆರೆ ದಂಡೆಯವರು, ಇವರ ಪಾಲು ಅಣ್ಣನ ಹೆಸರಿನಲ್ಲಿದೆ, ಈ ಬಾಕಿ ಸುಗ್ಗಿಗೆ ಕೊಡುವುದಾಗಿ ಒಪ್ಪಿದ್ದಾರೆ, ಇಂಥದ್ದೆಲ್ಲ ಅಲ್ಲಿ ಬರೆಯುತ್ತಿದ್ದರು. ಕಂಪ್ಯೂಟರ್ ಬಂದಾಗ ಹೆಸರು, ಊರು, ಸಾಲ, ಬಡ್ಡಿ ಎಲ್ಲಕ್ಕೂ ಡಬ್ಬಿ ಕೊಟ್ಟರು, ಷರಾಕ್ಕೆ ಕೊಡಲಿಲ್ಲ. ಬರೆಯಬೇಕಾದದ್ದು ಹೋಗಲಿಲ್ಲವಲ್ಲ. ಜಾಗ ಇದ್ದದ್ದು ಹೆಸರಿನ ಡಬ್ಬಿಯಲ್ಲಿ, ಅಲ್ಲೇ ಬರೆದರು.

"ನಿಮ್ಮ ಹೊಸಾ ಸಿಸ್ಟಮ್ಮಿನಾಗ ಷರಾ ಬರಿಯಾಕ ಜಾಗಾ ಐತೇನ್ರಿ?"

ಇಲ್ಲ ಅಂದೆ.

"ಹಂಗಾರ ಇನ್ನೂ ಹೆಸರಿನ ಮುಂದನ ಬರೀತಾರ ಬಿಡ್ರಿ" ಎಂದು ಅಣ್ಣಿಗೇರಿಯಲ್ಲಿ ಇಳಿದು ಹೋದರು.

ಸೋಮವಾರ ಆಫೀಸಿನಲ್ಲಿ ಪೇಡ ಹತ್ತು ನಿಮಿಷಕ್ಕೆ ಖಾಲಿ. ಮಧ್ಯಾಹ್ನ ಸಿಸ್ಟಮ್ಮಿನಲ್ಲಿ ಬದಲಾವಣೆ ಕೋರಿ ಟಿಕೆಟ್ ಹಾಕಿದೆ: ಸದಸ್ಯರ ಟೇಬಲ್ಲಿಗೆ ಷರಾ ಎಂಬ ಕಾಲಂ, ಟೈಪ್ ಟೆಕ್ಸ್ಟ್, ಉದ್ದಕ್ಕೆ ಮಿತಿ ಬೇಡ. ಯಾವ ವರದಿಗೆ ಬೇಕು ಅಂತ ರಿವ್ಯೂ ಮಾಡುವವರು ಕೇಳಿದ್ದಾರೆ. ಯಾವ ವರದಿಗೂ ಅಲ್ಲ ಅಂತ ಉತ್ತರ ಬರೆದಿದ್ದೇನೆ, ಇನ್ನೂ ಒಪ್ಪಿಗೆ ಬಂದಿಲ್ಲ.